ವಿರಾಮದ ಜಮಾ-ಖರ್ಚು

ಪ್ರಾಚೀನ ರೋಮನರ ಲ್ಯಾಟಿನ್ ಭಾಷೆಯಲ್ಲಿ ವಿರಾಮಕ್ಕೆ ‘ಓಟಿಯುಮ್’ ಎಂಬ ಪದವಿದೆ. ವ್ಯಾಪಾರ-ವ್ಯವಹಾರಗಳನ್ನು ಸೂಚಿಸಲು ಅವರು ಇದೇ ಪದದ ಮೊದಲಿಗೆ ನಿಷೇಧವಾಚಕವೊಂದನ್ನು ಸೇರಿಸಿ ‘ನೆಗೋಟಿಯುಮ್’ ಎಂದರು. ವಿರಾಮವಲ್ಲದ್ದು ಯಾವುದೋ ಅದು ವ್ಯವಹಾರ ಎಂಬುದು ಆ ಪದದ ಅರ್ಥ. ಅದೇ ಪದವು ಕಾಲಾನುಕ್ರಮದಲ್ಲಿ ರೂಪ ಬದಲಿಸಿ ಇಂದಿನ ಇಟಲಿಯಲ್ಲಿ ‘ನೆಗೋತ್ಸಿಯೊ’ ಆಗಿದೆ. ಅಂಗಡಿ ಎಂದು ಅದರ ಅರ್ಥ. ಪದವು ರೂಪುಗೊಂಡ ಬಗೆಯನ್ನು ನೋಡಿದರೆ ವಿರಾಮವೇ ಮೂಲಸ್ಥಿತಿ, ವ್ಯವಹಾರವು ಅದರ ಅಭಾವ. ಇಂದಿನ ಗೃಹಸ್ಥನ ಲೆಕ್ಕವು ಇದಕ್ಕೆ ವಿಪರೀತವಾಗಿದೆ. ಆತನಿಗೆ ಕೆಲಸವೇ ಮೂಲ. ಕೆಲಸವಿಲ್ಲದ ದಿನ ರಜೆ. ಅಷ್ಟೇ ಅಲ್ಲ, ಬಂದ ರಜೆಯನ್ನೂ ಆತನು ಕೆಲಸದ ದಿನದಂತೆಯೇ ಗಂಟೆ ಗಂಟೆಗೆ ಹಂಚಿ ತುಂಬುತ್ತಾನೆ.

ಇಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ನೆಮ್ಮದಿಯ ರಜೆಯನ್ನು ಮೊದಲೇ ಯೋಜಿಸುವುದು ಸಾಧ್ಯವೆ? ಸಾಧ್ಯವಾದರೆ ಆ ನೆಮ್ಮದಿ ಯಾರದು? ಒಂದು ಕುಟುಂಬದಲ್ಲಿ ನಾಲ್ವರ ವಿಶ್ರಾಂತಿಯು ಐದನೆಯವರ ದುಡಿಮೆಯಿಂದ ದೊರೆಯುವುದಾದರೆ ಅದನ್ನು ಕುಟುಂಬದ ವಿಶ್ರಾಂತಿ ಎಂದು ಕರೆಯಬಹುದೆ? ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಮನುಷ್ಯನ ನ್ಯಾಯಬುದ್ಧಿಯ ಪರೀಕ್ಷೆ ಹೆಚ್ಚಾಗಿ ನಡೆಯುವುದು ಇಂತಹ ಚಿಕ್ಕ ಸಂದರ್ಭಗಳಲ್ಲಿಯೇ. ದೊಡ್ಡ ಸಂದರ್ಭಗಳಲ್ಲಿ ಲೋಕವು ನೋಡುತ್ತಿರುತ್ತದೆ. ಮನೆಯೊಳಗಿನ ಅನ್ಯಾಯವನ್ನು ನೋಡುವವರು ಇರುವುದಿಲ್ಲ.

ಪ್ರಶ್ನೆಯನ್ನು ಗಾಳಿಯಲ್ಲಿ ತೂಗುವುದಕ್ಕಿಂತ ಒಂದು ನಿದರ್ಶನದ ಮೇಲೆ ಇಟ್ಟು ನೋಡುವುದು ಲೇಸು. ಉತ್ತರ ಇಟಲಿಯ ಮಿಲಾನ್ ನಗರದ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಗಂಡ ಹೆಂಡತಿ ಇಬ್ಬರೂ ನೌಕರಿಯಲ್ಲಿರುವವರು. ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ. ಜೊತೆಗೆ ಗಂಡನ ತಾಯಿ, ಎಪ್ಪತ್ತು ದಾಟಿದ ಅಜ್ಜಿ. ಇಟಲಿಯಲ್ಲಿ ಶಾಲೆಗಳು ಜೂನ್ ತಿಂಗಳ ಮೊದಲ ಭಾಗದಲ್ಲಿ ಮುಚ್ಚಿದರೆ ಮತ್ತೆ ತೆರೆಯುವುದು ಸೆಪ್ಟೆಂಬರ್ ನಡುವಿಗೆ. ನೌಕರರಿಗೆ ಕಾನೂನಿನಂತೆ ವರ್ಷಕ್ಕೆ ಕನಿಷ್ಠ ನಾಲ್ಕು ವಾರಗಳ ರಜೆ. ಮಕ್ಕಳ ಮೂರು ತಿಂಗಳಿಗೂ ತಂದೆತಾಯಿಯರ ನಾಲ್ಕು ವಾರಗಳಿಗೂ ನಡುವೆ ಇರುವ ಅಂತರವನ್ನು ತುಂಬುವವರು ಬಹುಮಟ್ಟಿಗೆ ಅಜ್ಜ ಅಜ್ಜಿಯರು. ಹೀಗಾಗಿ ಎಲ್ಲರೂ ಒಟ್ಟಿಗೆ ಕಳೆಯಬಹುದಾದ ದಿನಗಳು ಹತ್ತೇ ಆದರೂ ಅವುಗಳ ಮೇಲೆ ವರ್ಷವಿಡೀ ಕೂಡಿಟ್ಟ ಆಸೆಯ ಭಾರ ಬೀಳುತ್ತದೆ.

ಈ ಕುಟುಂಬವು ಆರಿಸಿಕೊಂಡ ಸ್ಥಳ ಓರ್ತಾ ಸಾನ್ ಜೂಲಿಯೊ. ಪಿಯೆಮೊಂತೆ ಪ್ರಾಂತದಲ್ಲಿ, ಪ್ರಸಿದ್ಧವಾದ ಮಜ್ಜೋರೆ ಸರೋವರದ ಪಶ್ಚಿಮಕ್ಕೆ, ಓರ್ತಾ ಎಂಬ ಚಿಕ್ಕ ಸರೋವರವಿದೆ. ಉದ್ದ ಸುಮಾರು ೧೩ ಕಿಲೋಮೀಟರ್, ವಿಸ್ತಾರ ಸುಮಾರು ೧೮ ಚದರ ಕಿಲೋಮೀಟರ್, ಅತ್ಯಂತ ಆಳವಾದ ಕಡೆ ೧೪೩ ಮೀಟರ್. ಅದರ ಪೂರ್ವತೀರದಲ್ಲಿ ನೀರಿನೊಳಕ್ಕೆ ಚಾಚಿಕೊಂಡ ನೆಲದ ಮೇಲೆ ಈ ಊರು ಕುಳಿತಿದೆ. ಮಿಲಾನಿನಿಂದ ರೈಲಿನಲ್ಲಿ ಹೊರಟು ನೊವಾರಾದಲ್ಲಿ ಗಾಡಿ ಬದಲಿಸಿ ಬರಬಹುದು. ಊರಿನ ಚೌಕವು ನೀರಿಗೆ ತೆರೆದುಕೊಂಡಿದೆ. ಅಲ್ಲಿ ೧೫೮೨ರಲ್ಲಿ ಕಟ್ಟಿದ ಪಂಚಾಯತಿಯ ಪುಟ್ಟ ಮಂದಿರವೊಂದು ಕಂಬಗಳ ಮೇಲೆ ನಿಂತಿದೆ. ಎದುರಿಗೆ, ದೋಣಿಯಲ್ಲಿ ಕೆಲವೇ ನಿಮಿಷಗಳ ದೂರದಲ್ಲಿ, ಸಾನ್ ಜೂಲಿಯೊ ದ್ವೀಪ. ಹಿಂದೆ ಗುಡ್ಡ. ಊರಿನ ಹಳೆಯ ಬೀದಿಗಳು ಕಿರಿದು. ಅಲ್ಲಿ ನಡೆದೇ ಹೋಗಬೇಕು.

ಯೋಜನೆಯ ಮೊದಲ ಪಟ್ಟಿಯನ್ನು ಗಂಡನು ಬರೆದನೆಂದು ಇಟ್ಟುಕೊಳ್ಳೋಣ. ಆತನು ಮನೆಯ ಮೇಲೆ ಪ್ರೀತಿಯುಳ್ಳವನೇ. ಎಲ್ಲರಿಗೂ ಒಳ್ಳೆಯದಾಗಲೆಂದೇ ಬರೆದದ್ದು. ಮೊದಲ ದಿನ ಓರ್ತಾ ಊರು ಮತ್ತು ದ್ವೀಪ. ಎರಡನೆಯ ದಿನ ಮಜ್ಜೋರೆ ಸರೋವರದ ಸ್ಟ್ರೇಜಾ ಪಟ್ಟಣ, ಬೊರ್ರೊಮೆಯೊ ದ್ವೀಪಗಳು. ಮೂರನೆಯ ದಿನ ಬೆಟ್ಟ. ನಾಲ್ಕನೆಯ ದಿನ ವರಾಲ್ಲೊ. ಐದನೆಯ ದಿನ ಕೋಮೊ ಸರೋವರ. ಹೀಗೆ ಹತ್ತೂ ದಿನಗಳು ತುಂಬಿವೆ. ವಸತಿಗೆ ಹೋಟೆಲಿನ ಬದಲು ಅಡುಗೆಮನೆಯುಳ್ಳ ಬಾಡಿಗೆಯ ಮನೆ. ಅದರ ಎದುರಿಗೆ ಆತನು ಬರೆದ ಟಿಪ್ಪಣಿ: ಊಟದ ವೆಚ್ಚ ಉಳಿತಾಯ.

ಪಟ್ಟಿಯಲ್ಲಿ ಎರಡು ದೋಷಗಳಿವೆ. ಒಂದು ಕೂಡಲೇ ಕಣ್ಣಿಗೆ ಬೀಳುವಂಥದು, ಇನ್ನೊಂದು ಅಡಗಿರುವಂಥದು.

ಕಣ್ಣಿಗೆ ಬೀಳುವ ದೋಷ ಅತಿಯಾಸೆ. ಇದು ಈ ಕಾಲದ ರೋಗವಷ್ಟೇ ಅಲ್ಲ. ಇಟಲಿಯಲ್ಲಿ ಬೇಸಿಗೆಗೆ ಹಳ್ಳಿಯ ಮನೆಗೆ ಹೋಗಿ ನೆಲೆಸುವ ಪದ್ಧತಿಗೆ ‘ವಿಲ್ಲೆಜ್ಜಾತೂರಾ’ ಎಂದು ಹೆಸರು. ವೆನಿಸ್ಸಿನ ನಾಟಕಕಾರ ಕಾರ್ಲೊ ಗೊಲ್ದೋನಿ ಈ ಪದ್ಧತಿಯನ್ನೇ ವಸ್ತುವಾಗಿಸಿ ೧೭೬೧ರಲ್ಲಿ ಮೂರು ನಾಟಕಗಳನ್ನು ರಂಗಕ್ಕೆ ತಂದನು. ಮೊದಲನೆಯ ನಾಟಕವು ಪ್ರಯಾಣದ ಸಿದ್ಧತೆಯಲ್ಲಿಯೇ ಕಳೆಯುತ್ತದೆ. ಲಿಯೊನಾರ್ದೊ ಎಂಬ ತರುಣನು ಸಾಲದಲ್ಲಿ ಮುಳುಗಿದ್ದಾನೆ. ಆದರೂ ನೆರೆಯವರಿಗಿಂತ ಕಡಮೆಯಾಗಬಾರದೆಂದು ಹೊರಡುವ ಸನ್ನಾಹ ನಡೆಸುತ್ತಾನೆ. ಆತನ ತಂಗಿ ವಿತ್ತೋರಿಯಾಳಿಗೆ ಹೊಸ ಮಾದರಿಯ ಉಡುಪು ಬಂದ ಹೊರತು ಹೊರಡಲು ಮನಸ್ಸಿಲ್ಲ. ದರ್ಜಿಗೆ ಹಣ ಬಂದ ಹೊರತು ಉಡುಪು ಕೊಡಲು ಮನಸ್ಸಿಲ್ಲ. ಮೂರನೆಯ ನಾಟಕದ ಹೊತ್ತಿಗೆ ರಜೆ ಮುಗಿದಿದೆ, ಸಾಲ ಮುಗಿದಿಲ್ಲ. ಗೊಲ್ದೋನಿಯ ಪಾತ್ರಗಳಿಗೆ ವಿಶ್ರಾಂತಿ ಬೇಕಾಗಿರಲಿಲ್ಲ. ವಿಶ್ರಾಂತಿಗೆ ಹೋದವರೆಂದು ಇತರರು ತಿಳಿಯುವುದು ಬೇಕಾಗಿತ್ತು. ಇಂದಿನ ಪ್ರವಾಸಿಯು ಉಡುಪಿನ ಬದಲು ಭಾವಚಿತ್ರಗಳನ್ನು ಹೊತ್ತು ತರುತ್ತಾನೆ. ಸಾಮಗ್ರಿ ಬದಲಾಗಿದೆ, ಗಿರಾಕಿ ಬದಲಾಗಿಲ್ಲ: ಆ ಗಿರಾಕಿ ನೆರೆಯವರ ಕಣ್ಣು.

ಇದನ್ನು ಕಂಡು ಕೆಲವರು ಯೋಜನೆಯೇ ಬೇಡವೆನ್ನಬಹುದು. ಹೊರಟರಾಯಿತು, ಹೋದ ಕಡೆ ನೋಡಿಕೊಂಡರಾಯಿತು, ನೆಮ್ಮದಿಗೆ ಲೆಕ್ಕವೇಕೆ ಎನ್ನುವ ಮಾತು ಕಿವಿಗೆ ಹಿತವಾಗಿದೆ. ಆದರೆ ಯೋಜನೆ ಇಲ್ಲದ ರಜೆ ಎಂಬುದು ಕುಟುಂಬದಲ್ಲಿ ಇರುವುದೇ ಇಲ್ಲ. ಆರು ವರ್ಷದ ಮಗುವಿಗೆ ಮಧ್ಯಾಹ್ನ ಹಸಿವಾಗುತ್ತದೆ. ಅಜ್ಜಿಯ ಮಾತ್ರೆಗಳನ್ನು ಯಾರಾದರೂ ಚೀಲಕ್ಕೆ ಹಾಕಿರಬೇಕು. ಮಳೆ ಬಂದರೆ ಒಣಬಟ್ಟೆ ಇರಬೇಕು. ‘ಯೋಜನೆ ಬೇಡ’ ಎಂದು ಒಬ್ಬರು ಹೇಳಿದಾಗ ಆ ಯೋಜನೆಯನ್ನು ಇನ್ನೊಬ್ಬರು ಬಾಯಿ ಬಿಡದೆ ತಲೆಯೊಳಗೆ ಮಾಡುತ್ತಿರುತ್ತಾರೆ. ಬರೆದ ಯೋಜನೆಯಲ್ಲಿ ಭಾರವು ಕಾಣಿಸುತ್ತದೆ. ಬರೆಯದ ಯೋಜನೆಯಲ್ಲಿ ಭಾರವು ಮರೆಯಾಗುತ್ತದೆ, ಇಲ್ಲವಾಗುವುದಿಲ್ಲ. ಆದುದರಿಂದ ಯೋಜಿಸುವುದು ದೋಷವಲ್ಲ. ಯಾವುದನ್ನು ಯೋಜಿಸಬೇಕು ಎಂಬುದೇ ಪ್ರಶ್ನೆ.

ಎರಡನೆಯ ದೋಷವು ‘ಊಟದ ವೆಚ್ಚ ಉಳಿತಾಯ’ ಎಂಬ ಮಾತಿನಲ್ಲಿ ಅಡಗಿದೆ. ಹೆಂಡತಿಯು ಪಟ್ಟಿಯನ್ನು ಓದಿ ಒಂದೇ ಪ್ರಶ್ನೆ ಕೇಳುತ್ತಾಳೆ: “ಅಲ್ಲಿ ಅಡುಗೆ ಮಾಡುವವರು ಯಾರು?” ಗಂಡನಿಗೆ ತಕ್ಷಣ ಉತ್ತರ ತೋಚುವುದಿಲ್ಲ. ಆತನು ಪ್ರಶ್ನೆಯನ್ನು ಮರೆತಿರಲಿಲ್ಲ. ಅದು ಪ್ರಶ್ನೆಯೆಂದೇ ಆತನಿಗೆ ತೋರಿರಲಿಲ್ಲ. ಮನೆಯಲ್ಲಿ ಯಾರು ಮಾಡುವರೋ ಅಲ್ಲಿಯೂ ಅವರೇ ಎಂದು ಮನಸ್ಸು ತಾನಾಗಿ ಬರೆದುಕೊಂಡಿತ್ತು.

ಲೆಕ್ಕ ಬರೆಯುವವರಿಗೆಲ್ಲ ತಿಳಿದ ಒಂದು ನಿಯಮವಿದೆ. ಒಂದು ಖಾತೆಯಲ್ಲಿ ಜಮೆಯಾದದ್ದು ಇನ್ನೊಂದು ಖಾತೆಯಲ್ಲಿ ಖರ್ಚು ಬಿದ್ದಿರಲೇಬೇಕು. ಎರಡೂ ಕಡೆ ಬರೆಯದ ಹೊರತು ಲೆಕ್ಕ ಸರಿಹೋಗುವುದಿಲ್ಲ. ಈ ಜೋಡಿ ನಮೂದಿನ ಪದ್ಧತಿಯನ್ನು ವಿವರಿಸುವ ಮೊದಲ ಮುದ್ರಿತ ಗ್ರಂಥ ಹೊರಬಂದದ್ದು ಇಟಲಿಯಲ್ಲಿಯೇ. ೧೪೯೪ರಲ್ಲಿ ವೆನಿಸ್ಸಿನಲ್ಲಿ ಲೂಕಾ ಪಾಚೋಲಿ ಎಂಬ ಸಂನ್ಯಾಸಿಯು ತನ್ನ ಗಣಿತಗ್ರಂಥದ ಭಾಗವಾಗಿ ಅದನ್ನು ಪ್ರಕಟಿಸಿದನು. ಮೇಲಿನ ಗಂಡನು ಹಣದ ಖಾತೆಯಲ್ಲಿ ಉಳಿತಾಯವನ್ನು ಬರೆದನು. ಆದರೆ ಆ ಉಳಿತಾಯವು ಬಂದದ್ದು ಹೆಂಡತಿಯ ವಿಶ್ರಾಂತಿಯ ಖಾತೆಯಿಂದ. ಆ ಖಾತೆಯನ್ನು ಆತನು ತೆರೆದೇ ಇರಲಿಲ್ಲ. ತೆರೆಯದ ಖಾತೆಯಿಂದ ತೆಗೆದ ಹಣಕ್ಕೆ ವ್ಯವಹಾರದಲ್ಲಿ ಏನೆಂದು ಹೆಸರೆಂಬುದನ್ನು ವ್ಯಾಪಾರಿಗಳಿಗೆ ಹೇಳಬೇಕಾಗಿಲ್ಲ.

ಇಟಲಿಯ ಸಂವಿಧಾನದ ೩೬ನೆಯ ವಿಧಿಯು ಇಲ್ಲಿ ವಿಚಾರಯೋಗ್ಯವಾಗಿದೆ. ೧೯೪೮ರ ಜನವರಿ ೧ರಂದು ಜಾರಿಗೆ ಬಂದ ಆ ಸಂವಿಧಾನವು ದುಡಿಯುವವರಿಗೆ ವಾರದ ಬಿಡುವನ್ನೂ ವೇತನಸಹಿತವಾದ ವಾರ್ಷಿಕ ರಜೆಯನ್ನೂ ಹಕ್ಕೆಂದು ಕೊಟ್ಟಿದೆ. ಅಷ್ಟಕ್ಕೇ ನಿಲ್ಲದೆ, ಆ ಹಕ್ಕನ್ನು ದುಡಿಯುವವನು ತಾನಾಗಿ ಬಿಟ್ಟುಕೊಡಲೂ ಬಾರದೆಂದು ವಿಧಿಸಿದೆ. ಈ ಎರಡನೆಯ ಮಾತಿನ ಹಿಂದೆ ಮನುಷ್ಯಸ್ವಭಾವದ ಆಳವಾದ ಅರಿವಿದೆ. ಬಿಟ್ಟುಕೊಡಲು ಅವಕಾಶವಿದ್ದರೆ ದುರ್ಬಲನಾದವನು ‘ಸ್ವಇಚ್ಛೆಯಿಂದ’ ಬಿಟ್ಟುಕೊಡುತ್ತಾನೆ. ಬಲವುಳ್ಳವನು ಆ ಇಚ್ಛೆಯನ್ನು ಮೆಚ್ಚಿ ಸ್ವೀಕರಿಸುತ್ತಾನೆ. ಮೇಲಿನ ಹೆಂಡತಿಯ ರಜೆಯನ್ನು ಆಕೆಯ ಕಚೇರಿಯು ಆಕೆ ಒಪ್ಪಿದರೂ ಕಿತ್ತುಕೊಳ್ಳುವಂತಿಲ್ಲ. ಅದೇ ರಜೆಯನ್ನು ಆಕೆಯ ಮನೆಯು ಕೇಳದೆಯೇ ತೆಗೆದುಕೊಳ್ಳುತ್ತದೆ. “ಇರಲಿ ಬಿಡಿ, ನಾನೇ ಮಾಡುತ್ತೇನೆ” ಎಂದು ಆಕೆ ಹೇಳಬಹುದು. ಆ ಮಾತನ್ನು ತ್ಯಾಗವೆಂದು ಹೊಗಳುವ ಮೊದಲು, ಬೇರೆ ದಾರಿಯೇನಾದರೂ ಆಕೆಯ ಮುಂದೆ ಇಟ್ಟಿತ್ತೆ ಎಂಬುದನ್ನು ಮನೆಯವರು ಕೇಳಿಕೊಳ್ಳಬೇಕು. ಆಯ್ಕೆಯಿದ್ದಾಗ ಬಿಟ್ಟದ್ದು ತ್ಯಾಗ. ಆಯ್ಕೆಯಿಲ್ಲದಾಗ ಬಿಟ್ಟದ್ದು ಕೇವಲ ನಷ್ಟ.

ಇದೇ ಸರೋವರದ ಉತ್ತರದ ತುದಿಯಲ್ಲಿರುವ ಒಮೇನ್ಯಾ ಪಟ್ಟಣದಲ್ಲಿ ೧೯೨೦ರಲ್ಲಿ ಜನಿಸಿದ ಜ್ಯಾನಿ ರೊದಾರಿ ಎಂಬ ಲೇಖಕನು ಮಕ್ಕಳ ಸಾಹಿತ್ಯದಿಂದ ಲೋಕಪ್ರಸಿದ್ಧನಾದನು. ೧೯೭೮ರಲ್ಲಿ ಪ್ರಕಟವಾದ ಆತನ ಕಥೆಯೊಂದು ಓರ್ತಾದ ಎದುರಿನ ದ್ವೀಪದಲ್ಲಿಯೇ ನಡೆಯುತ್ತದೆ. ತೊಂಬತ್ತು ದಾಟಿದ ಲ್ಯಾಂಬರ್ತೊ ಎಂಬ ಶ್ರೀಮಂತ ಪ್ರಭುವಿಗೆ ಬ್ಯಾಂಕುಗಳೂ ಅನೇಕ, ರೋಗಗಳೂ ಅನೇಕ. ತನ್ನ ಹೆಸರನ್ನು ಯಾರಾದರೂ ಎಡೆಬಿಡದೆ ಉಚ್ಚರಿಸುತ್ತಿದ್ದರೆ ತಾನು ಬದುಕುಳಿಯುವೆನೆಂಬ ಗುಟ್ಟು ಆತನಿಗೆ ತಿಳಿಯುತ್ತದೆ. ಮನೆಯ ಅಟ್ಟದಲ್ಲಿ ಆರು ಮಂದಿಯನ್ನು ಸಂಬಳಕ್ಕಿಟ್ಟು ಹಗಲಿರುಳು ಪಾಳಿಯ ಮೇಲೆ ತನ್ನ ಹೆಸರನ್ನು ಹೇಳಿಸುತ್ತಾನೆ. ಕೆಳಗೆ ಆತನು ದಿನದಿನಕ್ಕೆ ತರುಣನಾಗುತ್ತಾನೆ. ಮೇಲೆ ಅವರು ಏತಕ್ಕೆ ಹೇಳುತ್ತಿರುವೆವೆಂದು ತಿಳಿಯದೆ ಹೇಳುತ್ತಲೇ ಇರುತ್ತಾರೆ. ಸಂಬಳವೇನೋ ಚೆನ್ನಾಗಿಯೇ ಇದೆ. ಕಥೆಯು ಮಕ್ಕಳನ್ನು ನಗಿಸುತ್ತದೆ. ಹಿರಿಯರು ನಕ್ಕ ಮೇಲೆ ತಮ್ಮ ಅಟ್ಟವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಪ್ರತಿಯೊಂದು ಮನೆಯ ಆರಾಮದ ಮೇಲೂ ಒಂದು ಅಟ್ಟವಿರುತ್ತದೆ. ಅಲ್ಲಿ ಯಾರೋ ಒಬ್ಬರು ನಿಲ್ಲಿಸದೆ ದುಡಿಯುತ್ತಿರುತ್ತಾರೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹೆಂಡತಿಗೆ ಅಡುಗೆ ಬೇಡವಾದರೆ ಹೋಟೆಲಿನಲ್ಲಿ ಉಂಡರಾಯಿತು. ಆದರೆ ಹೋಟೆಲಿನಲ್ಲಿಯೂ ಅಡುಗೆಯವರು ದುಡಿಯುತ್ತಾರಲ್ಲವೆ? ಆಗಸ್ಟ್ ೧೫ರ ಹಬ್ಬದ ವಾರದಲ್ಲಿ ಇಟಲಿಯ ನಗರಗಳು ಬರಿದಾಗಿ ಸರೋವರದ ಊರುಗಳು ತುಂಬುತ್ತವೆ. ಊರೆಲ್ಲ ವಿಶ್ರಮಿಸುವ ಆ ವಾರದಲ್ಲಿಯೇ ಬಡಿಸುವವರಿಗೂ ಹಾಸಿಗೆ ಹಾಸುವವರಿಗೂ ದೋಣಿ ನಡೆಸುವವರಿಗೂ ಬಿಡುವಿಲ್ಲದ ದುಡಿಮೆ. ಅವರ ಮಕ್ಕಳಿಗೂ ಶಾಲೆಗೆ ರಜೆಯೇ. ಹಾಗಾದರೆ ಭಾರವು ಮನೆಯ ಹೆಗಲಿನಿಂದ ಅಪರಿಚಿತರ ಹೆಗಲಿಗೆ ದಾಟಿತಷ್ಟೇ ಅಲ್ಲವೆ?

ಆಕ್ಷೇಪದಲ್ಲಿ ಸತ್ಯಾಂಶವಿದೆ, ಆದರೆ ಅದು ಪೂರ್ಣಸತ್ಯವಲ್ಲ. ಹೋಟೆಲಿನವನ ದುಡಿಮೆಗೆ ಕೂಲಿಯಿದೆ, ಗಂಟೆಗಳಿವೆ, ಮೇಲೆ ಹೇಳಿದ ವಿಧಿಯ ರಕ್ಷಣೆಯಿದೆ. ಆತನು ತನ್ನ ರಜೆಯನ್ನು ಬೇರೆ ತಿಂಗಳಲ್ಲಿ ಪಡೆಯುತ್ತಾನೆ. ಸರೋವರದ ಊರಿಗೆ ಇದೇ ಜೀವನೋಪಾಯ. ಯಾರೂ ಬಾರದಿದ್ದರೆ ಅವರಿಗೆ ದೊರೆಯುವುದು ವಿಶ್ರಾಂತಿಯಲ್ಲ, ನಿರುದ್ಯೋಗ. ಇನ್ನೊಬ್ಬರ ದುಡಿಮೆಯ ಸಂಪರ್ಕವೇ ಇಲ್ಲದ ಬಾಳು ಗೃಹಸ್ಥನಿಗೆ ಸಾಧ್ಯವಿಲ್ಲ. ಸಾಧ್ಯವಿರುವುದು ಎರಡು: ಆ ದುಡಿಮೆಯನ್ನು ಕಾಣುವುದು, ಕಂಡ ಮೇಲೆ ಅದಕ್ಕೆ ಮಿತಿಯನ್ನೂ ಬೆಲೆಯನ್ನೂ ಇಡುವುದು. ಅಡುಗೆಮನೆ ಮುಚ್ಚುವ ಹೊತ್ತಿಗೆ ಐದು ಮಂದಿ ಹೋಗಿ ಕುಳಿತುಕೊಳ್ಳದಿರುವುದು, ಕಾದಿರಿಸಿದ ಮೇಜನ್ನು ಹೇಳದೆ ಬಿಟ್ಟುಬಿಡದಿರುವುದು, ವಾರದ ಬಿಡುವಿನ ದಿನ ಬಾಗಿಲು ಮುಚ್ಚಿದ್ದರೆ ಗೊಣಗದಿರುವುದು — ಇವು ಸಣ್ಣ ಸಂಗತಿಗಳು. ಆದರೆ ಬಡಿಸುವವನ ದಿನವು ಇಂತಹ ಸಣ್ಣ ಸಂಗತಿಗಳಿಂದಲೇ ಹಗುರಾಗುತ್ತದೆ ಅಥವಾ ಭಾರವಾಗುತ್ತದೆ.

ಭಾರ, ಮಿತಿ ಎಂಬ ಮಾತುಗಳ ಅರ್ಥವನ್ನು ಆ ಸರೋವರವೇ ತನ್ನ ಮೈಮೇಲೆ ತಿಳಿದುಕೊಂಡಿದೆ. ೧೯೨೬ರಲ್ಲಿ ಸರೋವರದ ದಕ್ಷಿಣ ತುದಿಯ ಗೊಜ್ಜಾನೊದಲ್ಲಿ ಕೃತಕ ರೇಷ್ಮೆಯ ಕಾರ್ಖಾನೆಯೊಂದು ಆರಂಭವಾಯಿತು. ಹತ್ತಿಯ ನಾರನ್ನು ತಾಮ್ರ ಮತ್ತು ಅಮೋನಿಯಾಗಳ ದ್ರಾವಣದಲ್ಲಿ ಕರಗಿಸಿ ನೂಲು ತೆಗೆಯುವುದು ಅಲ್ಲಿಯ ವಿಧಾನ. ಉಳಿದ ತಾಮ್ರವೂ ಅಮೋನಿಯಾದ ಲವಣಗಳೂ ನೀರಿಗೆ ಸೇರಿದವು. ಒಂದೆರಡು ವರ್ಷಗಳಲ್ಲಿಯೇ ಸೂಕ್ಷ್ಮಜೀವಿಗಳಿಂದ ಮೊದಲುಗೊಂಡು ಮೀನುಗಳವರೆಗೆ ಸರೋವರದ ಜೀವಕೋಟಿ ಬಹುತೇಕ ಅಳಿಯಿತು. ಅಮೋನಿಯಾವು ನೀರಿನಲ್ಲಿ ರೂಪಾಂತರ ಹೊಂದುತ್ತ ಪ್ರಾಣವಾಯುವನ್ನು ಹೀರಿ ಆಮ್ಲವನ್ನು ಉಂಟುಮಾಡಿತು. ನೋಡುವವರಿಗೆ ನೀರು ನೀಲಿಯಾಗಿಯೇ ಇತ್ತು, ಒಳಗೆ ಪ್ರಾಣವಿರಲಿಲ್ಲ. ಉಡುವವರಿಗೆ ಅಗ್ಗದ ರೇಷ್ಮೆ ದೊರೆಯಿತು. ಆ ಅಗ್ಗದ ಇನ್ನೊಂದು ನಮೂದು ಸರೋವರದ ಖಾತೆಯಲ್ಲಿ ಬಿದ್ದಿತ್ತು. ಬಹುಕಾಲ ಅದನ್ನು ಯಾರೂ ಓದಲಿಲ್ಲ.

ಸರೋವರವು ಮರಳಿ ಜೀವ ತಳೆದ ಕ್ರಮವು ಗಮನಾರ್ಹವಾಗಿದೆ. ಮೊದಲು ೧೯೫೦ರ ದಶಕದ ಕೊನೆಯಲ್ಲಿ ತಾಮ್ರವನ್ನು ಕಾರ್ಖಾನೆಯಲ್ಲಿಯೇ ಹಿಡಿದಿಡುವ ವ್ಯವಸ್ಥೆಯಾಯಿತು. ೧೯೮೦ರ ದಶಕದ ಆರಂಭದಲ್ಲಿ ಅಮೋನಿಯಾದ ಹರಿವಿಗೂ ಶುದ್ಧೀಕರಣದ ಏರ್ಪಾಡು ಬಂತು. ಆ ಮೇಲೆ, ೧೯೮೯-೯೦ರಲ್ಲಿ, ಪಲ್ಲಾಂಜಾದ ಜಲವಿಜ್ಞಾನಿಗಳ ಮಾರ್ಗದರ್ಶನದಲ್ಲಿ ಹತ್ತು ಸಾವಿರ ಟನ್ನಿಗೂ ಮಿಗಿಲಾದ ಸುಣ್ಣದ ಕಲ್ಲಿನ ಪುಡಿಯನ್ನು ಸರೋವರಕ್ಕೆ ಬೆರೆಸಿ ಆಮ್ಲವನ್ನು ಶಮನಗೊಳಿಸಿದರು. ಬಳಿಕ ಜೀವಿಗಳು ಒಂದೊಂದಾಗಿ ಮರಳಿದವು. ಮೊದಲು ಹರಿದು ಬರುವುದನ್ನು ತಡೆದರು. ಅನಂತರವೇ ಒಳಗೆ ಕೂಡಿದ್ದನ್ನು ಕಳೆದರು. ಹರಿವು ನಿಲ್ಲದೆ ಸುಣ್ಣ ಸುರಿದಿದ್ದರೆ ಸುಣ್ಣವೂ ವ್ಯರ್ಥ, ಹಣವೂ ವ್ಯರ್ಥ. ಈ ಕ್ರಮವು ಈ ಪತ್ರಿಕೆಯ ಓದುಗರಿಗೆ ಅಪರಿಚಿತವಾಗಿ ತೋರಲಾರದು.

ದಣಿದ ಮನಸ್ಸಿಗೂ ಇದೇ ಕ್ರಮ. ವರ್ಷವಿಡೀ ಒಳಗೆ ಹರಿದು ಬಂದ ಅವಸರವನ್ನು ತಡೆಯದೆ, ಅದರ ಮೇಲೆ ಸುಂದರ ದೃಶ್ಯಗಳನ್ನು ಸುರಿದರೆ ದಣಿವು ಆರುವುದಿಲ್ಲ. ಹತ್ತು ದಿನಕ್ಕೆ ಹತ್ತು ಊರುಗಳ ಪಟ್ಟಿಯು ಹರಿವನ್ನು ನಿಲ್ಲಿಸದೆ ಸುಣ್ಣ ಸುರಿಯುವ ಪ್ರಯತ್ನ. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ದಣಿವಾರಿಸಿಕೊಳ್ಳುವುದನ್ನೂ ವಿರಾಮವನ್ನೂ ಬೇರೆ ಬೇರೆಯಾಗಿ ಎಣಿಸಿದ್ದನು. ದಣಿವಾರಿಸಿಕೊಳ್ಳುವುದು ಮತ್ತೆ ದುಡಿಯುವುದಕ್ಕಾಗಿ. ವಿರಾಮವಾದರೋ ದುಡಿಮೆಯೇ ಯಾವುದಕ್ಕಾಗಿ ಇದೆಯೋ ಅದು. ಮೊದಲನೆಯದಕ್ಕೆ ನಿದ್ರೆ, ಆಟಗಳು ಸಾಕು. ಎರಡನೆಯದಕ್ಕೆ ಮನೆಯವರು ಒಬ್ಬರನ್ನೊಬ್ಬರು ಮತ್ತೆ ಕಾಣುವಷ್ಟು ತೆರವಾದ ಹೊತ್ತು ಬೇಕು. ತುಂಬಿದ ಪಟ್ಟಿಯಲ್ಲಿ ದೊರೆಯದಿರುವುದು ಆ ಹೊತ್ತೇ.

ಹಾಗಾದರೆ ನೆಮ್ಮದಿಯ ರಜೆಯ ಯೋಜನೆ ಎಂದರೆ ಏನನ್ನು ಸೇರಿಸಬೇಕೆಂಬುದಲ್ಲ, ಏನನ್ನು ಬಿಡಬೇಕೆಂಬುದು. ಹತ್ತಿರದ ಒಂದು ಸ್ಥಳವೇ ಸಾಕೆಂಬ ವಿವೇಕಕ್ಕೆ ಓರ್ತಾದ ಹಿಂದಿನ ಗುಡ್ಡವೇ ಸಾಕ್ಷಿ. ಪಿಯೆಮೊಂತೆ ಮತ್ತು ಲೊಂಬಾರ್ದಿ ಪ್ರಾಂತಗಳಲ್ಲಿ ‘ಪವಿತ್ರ ಗುಡ್ಡ’ಗಳೆಂಬ ಒಂಬತ್ತು ತಾಣಗಳಿವೆ, ೨೦೦೩ರಲ್ಲಿ ಯುನೆಸ್ಕೊ ಅವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇವುಗಳ ಮೂಲ ೧೫ನೆಯ ಶತಮಾನದ ಕೊನೆಯಲ್ಲಿ ವರಾಲ್ಲೊದಲ್ಲಿ ಆರಂಭವಾದ ತಾಣ. ಜೆರುಸಲೇಮಿಗೆ ಯಾತ್ರೆ ಹೋಗಲಾರದವರಿಗೆ ಆ ಪುಣ್ಯಸ್ಥಳಗಳನ್ನು ಮನೆಯ ಹತ್ತಿರದ ಗುಡ್ಡದಲ್ಲಿಯೇ ಕಾಣಿಸಬೇಕೆಂಬುದು ಅದನ್ನು ಕಟ್ಟಿಸಿದ ಸಂನ್ಯಾಸಿಯ ಉದ್ದೇಶವಾಗಿತ್ತು. ಅದೇ ಮಾದರಿಯಲ್ಲಿ ೧೬ನೆಯ ಶತಮಾನದ ಕೊನೆಯಲ್ಲಿ ಓರ್ತಾದ ಗುಡ್ಡದ ಮೇಲೆ ಆರಂಭವಾದ ೨೦ ಗುಡಿಗಳಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸನ ಜೀವನವು ಮಣ್ಣಿನ ವಿಗ್ರಹಗಳಲ್ಲಿ ಮೂಡಿದೆ. ಫ್ರಾನ್ಸಿಸನು ಬಟ್ಟೆ ವ್ಯಾಪಾರಿಯ ಮಗ. ತಂದೆಯ ಸಂಪತ್ತನ್ನು ತೊರೆಯುವಾಗ ಮೈಮೇಲಿನ ಬಟ್ಟೆಗಳನ್ನೂ ಕಳಚಿ ತಂದೆಗೆ ಒಪ್ಪಿಸಿದ ಪ್ರಸಂಗವೂ ಅಲ್ಲಿದೆ. ಗೃಹಸ್ಥರೆಲ್ಲರೂ ಹಾಗೆ ಕಳಚಲಾರರು. ಕಳಚಬೇಕೆಂದು ಯಾರೂ ಕೇಳುವುದೂ ಇಲ್ಲ. ಪಟ್ಟಿಯಿಂದ ಐದು ಊರುಗಳನ್ನು ಕಳಚುವುದಾದರೂ ಸಾಧ್ಯವಲ್ಲವೆ?

ಎದುರಿನ ದ್ವೀಪದಲ್ಲಿಯೂ ಅಂಥದೇ ಪಾಠವಿದೆ. ೧೯೭೩ರಲ್ಲಿ ಅಲ್ಲಿ ಬೆನೆಡಿಕ್ಟನ ಪಂಥದ ಸಂನ್ಯಾಸಿನಿಯರ ಮಠವು ಸ್ಥಾಪಿತವಾಯಿತು. ಜೀರ್ಣವಾದ ಪ್ರಾಚೀನ ವಸ್ತ್ರಗಳನ್ನು ಸರಿಪಡಿಸುವುದು ಅವರ ಕೆಲಸಗಳಲ್ಲೊಂದು. ಎಳೆ ಎಳೆಯಾಗಿ, ಅವಸರವಿಲ್ಲದೆ ನಡೆಯುವ ಕೆಲಸ. ದ್ವೀಪವನ್ನು ಸುತ್ತುವ ಒಂದೇ ಒಂದು ಕಿರುದಾರಿಗೆ ‘ಮೌನದ ದಾರಿ’ ಎಂದು ಹೆಸರು. ದಾರಿಯುದ್ದಕ್ಕೂ ಮೌನವನ್ನು ಕುರಿತ ಹಲಗೆಗಳಿವೆ. ನಿಧಾನವಾಗಿ ನಡೆದರೂ ಬೇಗನೆ ಮುಗಿಯುವ ದಾರಿ ಅದು. ಹೊಸದಾಗಿ ನೋಡಬೇಕೆನ್ನುವವನಿಗೆ ಅಲ್ಲಿ ಒಂದು ಸುತ್ತಿಗೇ ಬೇಸರ. ನೋಡುವುದನ್ನು ಕಲಿಯಬೇಕೆನ್ನುವವನಿಗೆ ನಾಲ್ಕು ಸುತ್ತೂ ಕಡಮೆ.

ಕುಟುಂಬದ ಎರಡನೆಯ ಪಟ್ಟಿಯನ್ನು ಐವರೂ ಮೇಜಿನ ಸುತ್ತ ಕುಳಿತು ಬರೆದರೆಂದು ಇಟ್ಟುಕೊಳ್ಳಬಹುದು. ಆಗಸ್ಟ್ ನಡುವಿನ ಹತ್ತು ದಿನಗಳ ಬದಲು ಜೂನ್ ಕೊನೆಯ ಏಳು ದಿನಗಳು. ಶಾಲೆ ಆ ವೇಳೆಗೆ ಮುಚ್ಚಿರುತ್ತದೆ. ಜನಜಂಗುಳಿಯೂ ಬಾಡಿಗೆಯೂ ಸಾಮಾನ್ಯವಾಗಿ ಕಡಮೆ. ಹಾಗೆ ಉಳಿದ ಹಣವು ಹೊರಗಿನ ಊಟಕ್ಕೆ. ಮನೆ ಬಾಡಿಗೆಯದೇ ಇರಲಿ; ಆದರೆ ರಾತ್ರಿಯ ಊಟ ನಾಲ್ಕು ದಿನ ಹೊರಗೆ, ಉಳಿದ ಮೂರು ದಿನ ಗಂಡನೂ ಮಗಳೂ ಮಾಡಿದ್ದು. ಮಧ್ಯಾಹ್ನಕ್ಕೆ ರೊಟ್ಟಿ, ಗಿಣ್ಣು, ಟೊಮ್ಯಾಟೊ ಸಾಕು. “ಅಪ್ಪನಿಗೆ ಅನ್ನ ಬೇಯಿಸಲೂ ಬಾರದು” ಎಂದು ಮಗಳು ನಕ್ಕರೆ, ಹೊರಡುವ ಮುನ್ನ ಎರಡು ತಿಂಗಳು ಕಲಿಯಲು ಕಾಲವಿದೆಯೆಂದು ಅಜ್ಜಿ ಹೇಳುತ್ತಾಳೆ. ಯೋಜನೆಯ ಅತ್ಯಂತ ಪ್ರಯೋಜನಕರವಾದ ಭಾಗ ಬಹುಶಃ ಅದೇ.

ನೋಡುವ ಸ್ಥಳಗಳು ಮೂರೇ: ದ್ವೀಪ, ಗುಡ್ಡ, ದೋಣಿಯಲ್ಲಿ ಒಮೇನ್ಯಾ. ಒಮೇನ್ಯಾಕ್ಕೆ ಹೋಗಲು ಮಕ್ಕಳಿಗೊಂದು ಕಾರಣವೂ ಉಂಟು. ಆಲ್ಪ್ಸ್ ದಕ್ಷಿಣದ ದೊಡ್ಡ ಸರೋವರಗಳ ನೀರು ದಕ್ಷಿಣಕ್ಕೆ ಬಯಲಿನತ್ತ ಹೊರಬಿದ್ದರೆ, ಓರ್ತಾದ ನೀರು ನಿಗೋಲ್ಯಾ ಎಂಬ ತೊರೆಯಾಗಿ ಅಲ್ಲಿಂದ ಉತ್ತರಕ್ಕೆ, ಪರ್ವತಗಳ ಕಡೆಗೆ ಮುಖ ಮಾಡಿ ಹರಿಯುತ್ತದೆ. ಮಳೆ ಬಂದರೆ ಮೂರರಲ್ಲಿ ಒಂದು ತಪ್ಪಿದರೂ ಯಾರೂ ವಿಷಾದಪಡಬಾರದೆಂದು ಮೊದಲೇ ಒಪ್ಪಂದ. ಗುಡ್ಡ ಹತ್ತಲು ಅಜ್ಜಿಗೆ ಕಷ್ಟವಾದರೆ ಚೌಕದ ಬೆಂಚಿನಲ್ಲಿ ಅವಳ ಜೊತೆಗೆ ಒಬ್ಬರು ಉಳಿಯಬೇಕು. ಉಳಿಯುವವರು ಪ್ರತಿಸಲವೂ ಸೊಸೆಯೇ ಆಗಬಾರದು. ಬೆಟ್ಟ, ವರಾಲ್ಲೊ, ಸ್ಟ್ರೇಜಾ, ಕೋಮೊ — ಇವುಗಳ ಮೇಲೆ ಗಂಡನು ತಾನೇ ಗೆರೆ ಎಳೆದನು. ಎಳೆಯುವಾಗ ಕೈ ಸ್ವಲ್ಪ ತಡೆದಿರಬಹುದು. ಹೋಗುವ ದಿಕ್ಕಿಗೂ ಭೋಗಿಸುವ ವಸ್ತುವಿಗೂ ಮೊದಲೇ ಎಲ್ಲೆ ಹಾಕಿಕೊಂಡ ಗೃಹಸ್ಥನು ಕಳೆದುಕೊಳ್ಳುವುದಕ್ಕಿಂತ ಉಳಿಸಿಕೊಳ್ಳುವುದೇ ಹೆಚ್ಚೆಂದು ಹಿರಿಯರು ಹೇಳಿರುವುದು ವ್ರತಧಾರಿಗಳಿಗೆ ಮಾತ್ರ ಅನ್ವಯಿಸುವ ಮಾತಲ್ಲ.

ಮಕ್ಕಳಿಗೆ ಬೇಸರವಾದರೆ ಎಂಬ ಚಿಂತೆ ಉಳಿಯುತ್ತದೆ. ಒಂದು ಮಧ್ಯಾಹ್ನ ಬೇಸರವಾದೀತು. ಬೇಸರಗೊಂಡ ಮಗು ನೀರಿನ ಅಂಚಿನಲ್ಲಿ ಕಲ್ಲು ಹೆಕ್ಕುತ್ತದೆ, ಅಜ್ಜಿಯ ಬಳಿ ಹೋಗಿ ಹಳೆಯ ಕಥೆ ಕೇಳುತ್ತದೆ. ಹಿರಿಯರು ಪ್ರತಿಯೊಂದು ಗಂಟೆಯನ್ನೂ ತುಂಬಿದರೆ ಆ ಕಥೆ ಹೇಳಿಸಿಕೊಳ್ಳುವ ಗಂಟೆ ಎಲ್ಲಿಂದ ಬರಬೇಕು? ಅಜ್ಜಿಯ ಬೇಸಿಗೆಗಳು ಮಕ್ಕಳ ಬೇಸಿಗೆಗಳಷ್ಟು ಉಳಿದಿಲ್ಲವೆಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರಿಗೂ ತಿಳಿದೇ ಇದೆ.

ರಜೆಯ ಲೆಕ್ಕವನ್ನು ಸಾಮಾನ್ಯವಾಗಿ ಊರಿಗೆ ಮರಳಿದ ರಾತ್ರಿ ಮುಗಿಸುತ್ತಾರೆ: ಇಷ್ಟು ಖರ್ಚು, ಇಷ್ಟು ಉಳಿತಾಯ, ಇಷ್ಟು ಸ್ಥಳಗಳು. ಅದನ್ನು ಒಂದು ದಿನ ತಡೆದು ಮುಗಿಸುವುದು ಉಚಿತ. ಮರುದಿನ ಬೆಳಿಗ್ಗೆ ಐವರ ಏಳು ದಿನದ ಬಟ್ಟೆಗಳು ನೆಲದ ಮೇಲೆ ರಾಶಿಯಾಗಿ ಬಿದ್ದಿರುತ್ತವೆ. ಆ ರಾಶಿಯ ಮುಂದೆ ಯಾರು ಕುಳಿತಿದ್ದಾರೆ, ಎಷ್ಟು ಮಂದಿ ಕುಳಿತಿದ್ದಾರೆ ಎಂಬುದನ್ನು ನೋಡಬೇಕು. ಒಬ್ಬಳೇ ಕುಳಿತಿದ್ದರೆ ಲೆಕ್ಕದಲ್ಲಿ ಒಂದು ನಮೂ­ದು ಇನ್ನೂ ಬಾಕಿಯಿದೆ. ಎಲ್ಲರೂ ಕುಳಿತಿದ್ದರೆ, ಖರ್ಚು ಸ್ವಲ್ಪ ಹೆಚ್ಚೇ ಆಗಿದ್ದರೂ, ಆ ವರ್ಷದ ಪುಸ್ತಕವನ್ನು ನಿಶ್ಚಿಂತೆಯಿಂದ ಮುಚ್ಚಬಹುದು.